ಅಟ್ಟದ ಕಾಯಿ, ಠಾಣೆಯ ಖಾರದಪುಡಿ

ನಮ್ಮ ತಿಪಟೂರು ಕಡೆ ಉಂಡೆ ಕೊಬ್ಬರಿ ಆಗ್ಬೇಕಂದ್ರೆ ಕಾಯಿಯನ್ನ ಹೆಚ್ಚುಕಮ್ಮಿ ಒಂದು ವರ್ಷ ಅಟ್ಟದ ಮೇಲೆ ಬಿಡಬೇಕು. ಅಷ್ಟು ಕಾದ ಮಾಲು ಕಳುವಾಯ್ತು ಅಂತಿಟ್ಕೊಳ್ಳಿ. ಪೊಲೀಸರು ಒಬ್ಬ ಕೂಲಿಯಾಳನ್ನ ಹಿಡಿದು ನಾಲ್ಕು ಬಾರಿಸಿ, ಕಾರಣ ಬರೆದಿಡದೆ, ಪಂಚರನ್ನೂ ಕರೆಯದೆ ಅವನ ಗುಡಿಸಲಿಗೆ ನುಗ್ಗಿ ಮೂಟೆ ಎಳೆದು ತಂದ್ರು. ಮೂಟೆ ನಿಮ್ಮದೇ. ಕೋರ್ಟು ಅದನ್ನ ಸಾಕ್ಷ್ಯ ಅಂತ ನೋಡಬೇಕೋ ಬೇಡವೋ?

"ಕಳ್ಳ ಸಿಕ್ಕಿದ್ನಲ್ಲ, ಇನ್ನೇನು?" ಅನ್ನೋರೇ ಜಾಸ್ತಿ. ಆದ್ರೆ ಪೊಲೀಸರೆದುರು ಮಾಡಿದ ತಪ್ಪೊಪ್ಪಿಗೆಯನ್ನ ನಮ್ಮ ಕಾನೂನು 1861ರಲ್ಲೇ ಹೊರಗಿಟ್ಟಿತ್ತು. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನಲ್ಲೂ ಅದೇ ಬಂತು. ಆ ಅಧಿನಿಯಮ ರಚಿಸಿದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ 1883ರ ತನ್ನ ಪುಸ್ತಕದಲ್ಲಿ ಒಂದು ಮಾತು ದಾಖಲಿಸಿದ್ದಾನೆ. ಪೊಲೀಸರು ಹಿಂಸೆ ಯಾಕೆ ಕೊಡ್ತಾರೆ ಅನ್ನೋದಕ್ಕೆ ಇಲ್ಲಿನ ಅನುಭವಿ ಅಧಿಕಾರಿಯೊಬ್ಬ ಅವನಿಗೆ ಕೊಟ್ಟ ಕಾರಣ ಸೋಮಾರಿತನ. ಬಿಸಿಲಲ್ಲಿ ಸಾಕ್ಷ್ಯ ಹುಡುಕಿ ಅಲೆಯೋದಕ್ಕಿಂತ ನೆರಳಲ್ಲಿ ಕೂತು ಬಡಪಾಯಿಯ ಕಣ್ಣಿಗೆ ಖಾರದಪುಡಿ ಹಾಕೋದು ಸುಲಭವಂತೆ! ಇದು ಶುದ್ಧ ಅರ್ಥಶಾಸ್ತ್ರ. ಕೋರ್ಟಿನಲ್ಲಿ ಬೆಲೆ ಸಿಗದ ಮಾಲನ್ನ ಯಾರು ತಾನೇ ತಯಾರಿಸ್ತಾರೆ?

ಬಾಯಿಂದ ಬಂದದ್ದಕ್ಕೆ ಈ ಲೆಕ್ಕ. ಮನೆಯಿಂದ ಬಂದದ್ದಕ್ಕೆ ಬೇರೆ. ಪೂರಣ್ ಮಲ್ ಪ್ರಕರಣದಲ್ಲಿ (1973ರ ಡಿಸೆಂಬರ್) ಸುಪ್ರೀಂ ಕೋರ್ಟು, ಆದಾಯ ತೆರಿಗೆಯವರ ಶೋಧವೇ ಅಕ್ರಮವಾಗಿದ್ರೂ ಸಿಕ್ಕಿದ್ದು ಪ್ರಸ್ತುತವಾಗಿದ್ರೆ ಬಳಸಬಹುದು ಅಂತು. (ನಮ್ಮ ಮಂಡಿ ಸಾಹುಕಾರರು ಗಮನಿಸಿ!) ಇದರ ಪರವಾದ ವಾದ ತೂಕದ್ದೇ. ನಿಜವಾದ ಸಾಕ್ಷ್ಯ ಬಿಸಾಡಿದ್ರೆ ನಷ್ಟ ಊರಿಗೆ, ಲಾಭ ಕಳ್ಳನಿಗೆ. ತಪ್ಪು ಮಾಡಿದ ಅಧಿಕಾರಿಯನ್ನ ಬೇರೆಯಾಗಿ ಶಿಕ್ಷಿಸಿದ್ರಾಯ್ತು.

ಆದ್ರೆ ಕೇಸು ಹಾಕೋರು ಯಾರು? ದಿನದ ಕೂಲಿ ಬಿಟ್ಟು, ವಕೀಲರ ಫೀಸು ಕೊಟ್ಟು, ಅದೇ ಪೊಲೀಸರ ಮೇಲೆ? ಗುಡಿಸಲೆಲ್ಲ ಕೆದಕಿ ಏನೂ ಸಿಗದೇ ಹೋದವರ ಕಥೆಯಂತೂ ಕೋರ್ಟಿಗೆ ಬರೋದೇ ಅಪರೂಪ. ಖರ್ಚಿನ ಕಡೆ ಇವರ ಹೆಸರೇ ಇರಲ್ಲ.

ಅಮೆರಿಕದ ಸುಪ್ರೀಂ ಕೋರ್ಟು 1961ರಲ್ಲಿ ಇಂಥ ಸಾಕ್ಷ್ಯವನ್ನ ಎಲ್ಲ ರಾಜ್ಯಗಳಲ್ಲೂ ಹೊರಗಿಟ್ಟಿತು. 1984ರಲ್ಲಿ ಲಾಭನಷ್ಟ ತೂಗಿ ಸ್ವಲ್ಪ ಸಡಿಲಿಸಿತು. ನಮ್ಮ ಕಾನೂನು ಆಯೋಗ 1983ರ 94ನೇ ವರದಿಯಲ್ಲಿ, ಹೊರಗಿಡೋ ವಿವೇಚನೆಯನ್ನ ನ್ಯಾಯಾಧೀಶರಿಗಾದ್ರೂ ಕೊಡಿ ಅಂದಿತ್ತು. ಕೊಡಲಿಲ್ಲ. 2024ರ ಜುಲೈ 1ರಿಂದ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲೂ ಅಂಥ ಕಲಮಿಲ್ಲ.

ಖಾರದಪುಡಿ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಯ್ತು. ಬೆಂಗಳೂರಿನ ಪ್ರಯೋಗಾಲಯದ ಮಂಪರು ಪರೀಕ್ಷೆ ಒಂದು ಕಾಲಕ್ಕೆ ದೇಶಕ್ಕೇ ಹೆಸರುವಾಸಿ. 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ (2010ರ ಮೇ 5) ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಇದು ಕೂಡದು ಅಂತು. ಒಪ್ಪಿ ಮಾಡಿಸಿಕೊಂಡ ಪರೀಕ್ಷೆಯ ಸುಳಿವಿನಿಂದ ಮುಂದೆ ಸಿಕ್ಕ ವಸ್ತುವನ್ನ ಮಾತ್ರ ಹಳೇ 27ನೇ ಕಲಮಿನಡಿ ಒಪ್ಪಬಹುದು.

ಆ ಕಲಮೇ ನಮ್ಮ ಮೂಟೆಗೂ ಅನ್ವಯ. ಕೂಲಿಯಾಳು "ನಾನೇ ಕದ್ದೆ" ಅಂದದ್ದು ಸಾಕ್ಷ್ಯವಲ್ಲ. "ಮೂಟೆ ಗುಡಿಸಲಲ್ಲಿದೆ" ಅಂದದ್ದು, ಮೂಟೆ ಸಿಕ್ಕರೆ, ಸಾಕ್ಷ್ಯ. ಏಟಿಗೆ ಹೆದರಿ ಹೇಳಿದ್ದು ಅಂತ ರುಜುವಾದ್ರೆ ಸಂವಿಧಾನದ 20(3) ಅಡ್ಡ ಬರುತ್ತೆ, ನಿಜ. ಆದ್ರೆ ಠಾಣೆಯೊಳಗಿನ ಏಟನ್ನ ಕಂಡೋರು ಹೊಡೆದೋರೇ ತಾನೇ?

ನನ್ನನ್ನ ಕೇಳಿದ್ರೆ, ಮೂಟೆ ನಂದೇ ಆದ್ರೂ ಅದು ಸಾಕ್ಷ್ಯ ಆಗೋದು ಬೇಡ ಅಂತೀನಿ. ನಮ್ಮಪ್ಪ ಒಪ್ಪಲ್ಲ. ವರ್ಷ ಪೂರ್ತಿ ಅಟ್ಟ ಕಾದೋರು ಅವರು :)