ಸಿಎನ್‌ಟಿ ಒಡಕು ಮತ್ತು ಆಸ್ತಿ ವಿವಾದ

1910ರಲ್ಲಿ ಬಾರ್ಸಿಲೋನಾದಲ್ಲಿ ಸ್ಥಾಪನೆಯಾದ ಸಿಎನ್‌ಟಿ ಸ್ಪೇನಿನ ಅರಾಜಕತಾವಾದಿ, ಅಂದರೆ ಪ್ರಭುತ್ವವನ್ನೂ ಅಧಿಕಾರಶ್ರೇಣಿಯನ್ನೂ ನಿರಾಕರಿಸುವ, ಕಾರ್ಮಿಕ ಸಂಘಗಳ ಒಕ್ಕೂಟವಾಗಿದ್ದು, ಅಂತರ್ಯುದ್ಧದಲ್ಲಿ ಗೆದ್ದ ಫ್ರಾಂಕೊ ಆಡಳಿತವು ಅದರ ಕಟ್ಟಡ ಮತ್ತು ಮುದ್ರಣಾಲಯಗಳನ್ನು ಮುಟ್ಟುಗೋಲು ಹಾಕಿಕೊಂಡಿತು. 1977ರಲ್ಲಿ ಮತ್ತೆ ಕಾನೂನುಬದ್ಧವಾದ ಈ ಒಕ್ಕೂಟವು 1979ರ ಡಿಸೆಂಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ಐದನೆಯ ಮಹಾಧಿವೇಶನದಲ್ಲಿ ಒಡೆಯಿತು. ಆಡಳಿತವರ್ಗದೊಡನೆ ಮಾತುಕತೆ ನಡೆಸಲು ನೌಕರರು ಮತ ಹಾಕಿ ಆರಿಸುವ ಉದ್ಯಮ ಸಮಿತಿಗಳಲ್ಲಿ ಪಾಲ್ಗೊಳ್ಳಬೇಕೆಂಬ ಬಣವು ಪ್ರತಿನಿಧಿಗಳಿಲ್ಲದೆ ಕಾರ್ಮಿಕರೇ ನಡೆಸುವ ನೇರ ಕ್ರಮವನ್ನಷ್ಟೇ ಒಪ್ಪುವ ಬಣದಿಂದ ಬೇರ್ಪಟ್ಟು, ತಾನೂ ಸಿಎನ್‌ಟಿ ಎಂಬ ಹೆಸರನ್ನೇ ಬಳಸತೊಡಗಿತು.

ತಾತ್ತ್ವಿಕವಾಗಿದ್ದ ಈ ಭಿನ್ನಮತಕ್ಕೆ ಆಸ್ತಿಯ ಪ್ರಶ್ನೆಯೂ ಸೇರಿಕೊಂಡಿತು: 1986ರ ಕಾನೂನು ಮುಟ್ಟುಗೋಲಾದ ಸ್ವತ್ತನ್ನು ಮೂಲ ಸಂಘಗಳಿಗೆ ಅಥವಾ ಅವುಗಳ ನ್ಯಾಯಬದ್ಧ ಉತ್ತರಾಧಿಕಾರಿಗಳಿಗೆ ಹಿಂದಿರುಗಿಸಲು ಅವಕಾಶ ಮಾಡಿದ್ದರಿಂದ, ಹೆಸರು ಯಾರದೆಂಬುದು ಆಸ್ತಿ ಯಾರದೆಂಬುದಕ್ಕೂ ಆಧಾರವಾಯಿತು. ಪ್ರಭುತ್ವವನ್ನೇ ಒಪ್ಪದ ಚಳವಳಿಯೊಂದು ತನ್ನ ಪರಂಪರೆಯ ವಾರಸುದಾರಿಕೆಯನ್ನು ಪ್ರಭುತ್ವದ ನ್ಯಾಯಾಲಯದಲ್ಲಿ ಸ್ಥಾಪಿಸಬೇಕಾಗಿ ಬಂದುದು ಈ ವಿವಾದದ ಅತ್ಯಂತ ನೋವಿನ ಅಂಶ. 1989ರಲ್ಲಿ ಸುಪ್ರೀಂ ಕೋರ್ಟ್ ಹೆಸರಿನ ಹಕ್ಕು ಮೂಲ ಬಣದ್ದೆಂದು ತೀರ್ಪಿತ್ತ ಬಳಿಕ, ಬೇರ್ಪಟ್ಟ ಬಣವು ಸಿಜಿಟಿ ಎಂಬ ಹೆಸರನ್ನು ತಳೆಯಿತು.