ಕಣಗಿನಹಾಳದ ಸಂಘ, ಚಿಗವ್ವನ ಉತಾರ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ದೂರದ ಊರುಗಳಲ್ಲಿ ಗಣಕಯಂತ್ರದ ಮುಂದೆ ಕುಳಿತು ದುಡಿಯುತ್ತಾರೆ. ಹೊಂಬಳದ ಹೊಲದ ಉತಾರವನ್ನು ಅಲ್ಲಿಂದಲೇ ನೋಡಿದೆವೆಂದು ಅವರು ಹೇಳಿದಾಗಲೆಲ್ಲ ನನಗೆ ಎರಡು ನೆನಪುಗಳು ಒಟ್ಟಿಗೇ ಬರುತ್ತವೆ: ಒಂದು 1905ರ ಕಣಗಿನಹಾಳ, ಇನ್ನೊಂದು ನಮ್ಮ ಚಿಗವ್ವ.

ಕಣಗಿನಹಾಳ ನಮ್ಮ ಗದಗ ತಾಲ್ಲೂಕಿನದೇ ಊರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದಿತು. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿಯೇ ಮೊದಲನೆಯದೆಂದು ಅದನ್ನು ಗುರುತಿಸುತ್ತಾರೆ. ಆಗ ನಾವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯವರು. ಅದೇ ಪ್ರಾಂತದ ಪುಣೆ, ಅಹ್ಮದನಗರಗಳ ಕಡೆ 1875ರಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಕಸಿದು ಸುಟ್ಟಿದ್ದರು. ಅವರು ಕಾಗದವನ್ನೇ ಏಕೆ ಹುಡುಕಿದರು? ಓದಲು ಬಾರದ ಬರಹಕ್ಕೆ ಹೆಬ್ಬೆಟ್ಟು ಒತ್ತಿದವನಿಗೆ ಅದು ಗೊತ್ತು. ತರಗತಿಯಲ್ಲಿ ನಾನು ಈ ದಂಗೆಯನ್ನು ಬಡ್ಡಿಯ ಕಥೆಯೆಂದು ಹೇಳಿ ಮುಗಿಸುತ್ತಿದ್ದೆ. ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಎಂಬ ಕಥೆಯೂ ಅದಾಗಿತ್ತೆಂಬುದು ನನಗೆ ಹೊಳೆದದ್ದು ನಿವೃತ್ತಿಯ ನಂತರ.

ಆ ಕಾಯ್ದೆಯ ಪ್ರಕಾರ ಹತ್ತು ಜನ ಕೂಡಿದರೆ ಸಂಘ ಕಟ್ಟಬಹುದಿತ್ತು. ಹಳ್ಳಿಯ ಸಂಘದಲ್ಲಿ ಸಾಲದ ಹೊಣೆ ಸಾಮಾನ್ಯವಾಗಿ ಎಲ್ಲ ಸದಸ್ಯರ ಮೇಲೂ ಮಿತಿಯಿಲ್ಲದೆ ಬೀಳುತ್ತಿತ್ತು. ಹೀಗಾಗಿ ಒಬ್ಬನ ಲೆಕ್ಕ ಎಲ್ಲರ ಕಾಳಜಿಯಾಯಿತು; ಅಕ್ಷರ ಬಾರದವನಿಗೂ ತನ್ನ ಖಾತೆಯ ವಿಷಯ ಕೇಳಲು ಪರಿಚಯದ ಮುಖವೊಂದಿತ್ತು.

ಮುಂದೆ 2000ದಲ್ಲಿ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆ ಬಂದಿತು. ತಲಾಠಿಯ ಗಂಟಿನಲ್ಲಿದ್ದ ಕೈಬರಹದ ಉತಾರಗಳು, ರಾಜ್ಯದಲ್ಲಿ ಸುಮಾರು 2 ಕೋಟಿ, ಗಣಕಯಂತ್ರವನ್ನು ಸೇರಿದವು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಅಚ್ಚಾದ ಪ್ರತಿ ಸಿಗತೊಡಗಿತು. ಇದು ಸಣ್ಣ ಉಪಕಾರವಲ್ಲ.

ಆ ಹೊಸತರಲ್ಲಿ ಚಿಗವ್ವನನ್ನು ಗದಗಿಗೆ ಕರೆದೊಯ್ದಿದ್ದೆ. ಪ್ರತಿ ಕೈಗೆ ಬಂದಾಗ ಆಕೆ ಕೇಳಿದಳು: “ಇದರಾಗ ನನ್ನ ಹೆಸರು ಎಲ್ಲೈತೋ ತಮ್ಮಾ?” ಎಲ್ಲಿಯೂ ಇರಲಿಲ್ಲ. ಕಾಕಾ ತೀರಿ ಹದಿನೈದು ವರ್ಷ ಕಳೆದರೂ ಹೊಲ ಅವರ ಹೆಸರಿನಲ್ಲಿಯೇ ಇತ್ತು. ಯಂತ್ರದ ತಪ್ಪೇನಿಲ್ಲ, ಹಳೆಯ ಪುಸ್ತಕದಲ್ಲಿದ್ದುದನ್ನೇ ಅದು ಅಚ್ಚುಕಟ್ಟಾಗಿ ಹೇಳಿತು. ವಾರಸಾ ಮಾಡಿಸುವುದು ನಮ್ಮೆಲ್ಲರ ಕೆಲಸವಾಗಿತ್ತು. ಓದಿದವನೆಂದು ಬೀಗುತ್ತಿದ್ದ ನಾನೂ ಅತ್ತ ನೋಡಿರಲಿಲ್ಲ. ಉತಾರದಲ್ಲಿ ಹೆಸರಿಲ್ಲದವಳಿಗೆ ಸಂಘದ ಬೆಳೆಸಾಲವೂ ಇಲ್ಲ.

2003ರಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ಶೃಂಗಸಭೆ, ಎಲ್ಲರನ್ನೂ ಒಳಗೊಳ್ಳುವ, ಜನರನ್ನೇ ಕೇಂದ್ರವಾಗಿಸಿಕೊಂಡ ಮಾಹಿತಿ ಸಮಾಜವನ್ನು ಕಟ್ಟುವುದಾಗಿ ಘೋಷಿಸಿತು. ಪತ್ರಿಕೆಯಲ್ಲಿ ಅದನ್ನು ಓದಿದಾಗ ನನ್ನ ಮನಸ್ಸು ಚಿಗವ್ವನ ಪಡಸಾಲೆಗೆ ಹೋಯಿತು. ವಂಶಾವಳಿಗೆ ಸಾಕ್ಷಿ ಹಾಕಲು ಓಣಿಯ ಐದು ಮಂದಿ ಅಲ್ಲಿಯೇ ಕುಳಿತಿದ್ದರು. ಅವರಲ್ಲಿ ಇಬ್ಬರು ಹೆಬ್ಬೆಟ್ಟಿನವರು.

2022ರಲ್ಲಿ ಕೇಂದ್ರ ಸರಕಾರ 2,516 ಕೋಟಿ ರೂಪಾಯಿ ವೆಚ್ಚದಲ್ಲಿ 63,000 ಪ್ರಾಥಮಿಕ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ನೀಡಿತು. ಕಣಗಿನಹಾಳದಲ್ಲಿ ಹುಟ್ಟಿದ ಪದ್ಧತಿಯ ಪುಸ್ತಕಗಳು ಹೀಗೆ ಪರದೆಗೆ ಏರುತ್ತಿವೆ. ಅಂಥ ತಂತ್ರಾಂಶ ಬರೆಯುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಖಾತೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವ ಒಂದು ಗುಂಡಿಯನ್ನು ಮರೆಯದೆ ಇಡಿರಿ.

ಚಿಗವ್ವನ ಹೆಸರು ಉತಾರಕ್ಕೆ ಬರಲು ಒಂದು ವರ್ಷ ಹಿಡಿಯಿತು. ಆಮೇಲೆ ಬದುಕಿರುವವರೆಗೂ, ಪ್ರತಿ ಮುಂಗಾರಿಗೆ ಮುನ್ನ ಟ್ರಂಕಿನಿಂದ ಆ ಹಾಳೆ ತೆಗೆದುಕೊಂಡು ನಮ್ಮ ಮನೆಗೆ ಬರುತ್ತಿದ್ದಳು. “ಓದಿ ಹೇಳೋ ತಮ್ಮಾ, ಇನ್ನೂ ಐತಿಲ್ಲೋ?”