ಕ್ಯಾಥರೀನ್‌ಳ ಬೈಟ್ ಯಾರ ಹತ್ತಿರವೂ ಇಲ್ಲ

ನ್ಯೂಸ್ ರೂಮಿನಲ್ಲಿ ಒಂದು ನಿಯಮ ಇದೆ. ಯಾರ ಮೇಲೆ ಆರೋಪ ಬಂದಿದೆಯೋ ಅವರ ಬೈಟ್ ತಗೋಬೇಕು. ಸಿಗಲಿಲ್ಲವಾ? 'ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ' ಅಂತ ಒಂದು ಸಾಲಾದರೂ ಹಾಕಬೇಕು. ಆರುನೂರು ವರ್ಷಗಳಿಂದ ಪ್ರತಿಕ್ರಿಯೆಗೆ ಸಿಗದೇ ಇರುವ ಒಬ್ಬ ಹೆಣ್ಣುಮಗಳ ವಿಷಯ ಇವತ್ತು ಹೇಳ್ತೀನಿ, ಕೇಳಿ.

ಆಕೆ ನನಗೆ ಸಿಕ್ಕಿದ್ದು ಒಂದು ಕಾದಂಬರಿಯಲ್ಲಿ. ಆನ್ಯಾ ಸೆಟನ್ ಅನ್ನೋ ಅಮೆರಿಕದ ಲೇಖಕಿ 1954ರಲ್ಲಿ ಪ್ರಕಟಿಸಿದ 'ಕ್ಯಾಥರೀನ್'. ಎಂಜಿನಿಯರಿಂಗ್ ಓದುವಾಗ, ಬೆಳಗ್ಗೆ ಇಂಟರ್ನಲ್ಸ್ ಇಟ್ಟುಕೊಂಡು ರಾತ್ರಿಯಿಡೀ ಓದಿದ ಪುಸ್ತಕ. ಇವತ್ತಿಗೂ ನನ್ನ ಫೇವರಿಟ್. ನಾನೊಬ್ಬನೇ ಅಲ್ಲ, 2003ರಲ್ಲಿ ಬಿಬಿಸಿ ಓದುಗರಿಂದ ಮತ ಹಾಕಿಸಿದಾಗ ಬ್ರಿಟನ್ನಿನ ಮೆಚ್ಚಿನ ನೂರು ಪುಸ್ತಕಗಳಲ್ಲಿ ಇದೂ ಇತ್ತು.

ಕಥೆ 14ನೇ ಶತಮಾನದ ಇಂಗ್ಲೆಂಡಿನದ್ದು. ಕ್ಯಾಥರೀನ್, ಇವತ್ತಿನ ಬೆಲ್ಜಿಯಂ ಕಡೆಯಿಂದ ಬಂದ ಒಬ್ಬ ಸಾಧಾರಣ ನೈಟ್‌ನ ಮಗಳು. ಒಡಹುಟ್ಟಿದವಳು ಫಿಲಿಪ್ಪಾ, ಮಹಾಕವಿ ಚಾಸರ್‌ನ ಹೆಂಡತಿ. ಕ್ಯಾಥರೀನ್‌ಳ ಗಂಡ ಹ್ಯೂ ಸ್ವಿನ್‌ಫರ್ಡ್‌ಗೆ ಲಿಂಕನ್‌ಶೈರ್‌ನಲ್ಲಿ ಕೆಟಲ್‌ಥಾರ್ಪ್ ಅನ್ನೋ ಸಣ್ಣ ಜಹಗೀರು. ಆಕೆಯ ಕೆಲಸ, ಲ್ಯಾಂಕಾಸ್ಟರ್‌ನ ಡ್ಯೂಕ್ ಜಾನ್ ಆಫ್ ಗಾಂಟ್‌ನ ಹೆಣ್ಣುಮಕ್ಕಳನ್ನು ನೋಡಿಕೊಳ್ಳೋದು. ಜಾನ್ ಅಂದ್ರೆ ಯಾರು? ದೊರೆ ಮೂರನೇ ಎಡ್ವರ್ಡ್‌ನ ಮಗ, ದೇಶದ ದೊಡ್ಡ ಶ್ರೀಮಂತ. 1368ರಲ್ಲಿ ಆತನ ಹೆಂಡತಿ ಬ್ಲಾಂಚ್ ತೀರಿಕೊಂಡಳು. 1371ರಲ್ಲಿ ಫ್ರಾನ್ಸ್‌ನ ನೆಲದಲ್ಲಿ ಹ್ಯೂ ಸತ್ತ. ಆಮೇಲೆ ಇವರಿಬ್ಬರಿಗೆ ನಾಲ್ಕು ಮಕ್ಕಳಾದವು.

ಹಾಗಾದ್ರೆ ಅಡ್ಡಿ ಏನಿತ್ತು? ಒಂದಲ್ಲ. ಆತ ರಾಜಕುಮಾರ, ಆಕೆ ಮನೆಯ ಕೆಲಸಕ್ಕಿದ್ದವಳು. ಅದೇ 1371ರಲ್ಲಿ ಆತ ಸ್ಪೇನಿನ ಕ್ಯಾಸ್ಟೀಲ್ ಸಿಂಹಾಸನದ ಆಸೆಗೆ ಅಲ್ಲಿನ ರಾಜಕುಮಾರಿ ಕಾನ್‌ಸ್ಟನ್ಸ್‌ಳನ್ನು ಮದುವೆಯಾಗಿದ್ದ. ಇನ್ನೊಂದು ತೊಡಕು ನಮಗೆ ವಿಚಿತ್ರ ಅನ್ನಿಸಬಹುದು. ಕ್ಯಾಥರೀನ್‌ಳ ಮಗಳೊಬ್ಬಳ ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು ಇದೇ ಜಾನ್. ಚರ್ಚಿನ ಕಾನೂನಿನಲ್ಲಿ ಅದೂ ಒಂದು ನೆಂಟಸ್ತಿಕೆ. ನಮ್ಮಲ್ಲಿ ಸಗೋತ್ರ ಅಂದಕೂಡಲೇ ಮದುವೆ ಮಾತು ನಿಲ್ಲುತ್ತಲ್ಲ, ಹಾಗೆ. ಬಿಡುಗಡೆ ಬೇಕಂದ್ರೆ ಪೋಪ್ ಕೈಯಿಂದಲೇ ಬರಬೇಕು.

ಆ ಕಾಲದ ಸುದ್ದಿಗಾರರು ಯಾರು? ಮಠದ ಸನ್ಯಾಸಿಗಳು. ಸೇಂಟ್ ಆಲ್ಬನ್ಸ್ ಮಠದ ಥಾಮಸ್ ವಾಲ್ಸಿಂಗಮ್‌ಗೆ ಜಾನ್ ಕಂಡರಾಗದು. ಜಾನ್‌ಗೆ ಹೊಡೆಯೋಕೆ ಸುಲಭದ ಕಲ್ಲು ಯಾವುದು? ಕ್ಯಾಥರೀನ್. ಮಾಟಗಾತಿ, ಹಾದರದವಳು, ಬರೆದಿದ್ದೇ ಬರೆದಿದ್ದು. ಈಗಿನ ಪ್ರೈಮ್ ಟೈಮ್ ಡಿಬೇಟ್‌ಗಳನ್ನು ಬೈಯುವವರು ಆ ಚರಿತ್ರೆಗಳನ್ನೊಮ್ಮೆ ಓದಬೇಕು ಸ್ವಾಮಿ. ನಾವಾದರೂ ಒಂದು ಬ್ರೇಕ್ ತಗೊಳ್ತೀವಿ.

ಆಕೆ ಏನಂದಳು? ಆಕೆಯದೇ ಮಾತು ಅಂತ ಒಂದು ಪತ್ರ ಇಲ್ಲ, ಡೈರಿ ಇಲ್ಲ. ಉಳಿದಿರೋದು ಲೆಕ್ಕದ ಪುಸ್ತಕ. ಡ್ಯೂಕ್‌ನ ಕಡತದಲ್ಲಿ ಆಕೆಗೆ ಕೊಟ್ಟ ವರ್ಷಾಶನ, ಉಡುಗೊರೆ. ಲೆಸ್ಟರ್ ಪಟ್ಟಣದ ಮೇಯರ್ ಆಕೆಗೆ ವೈನ್ ಕಳಿಸಿದ ಖರ್ಚು. ಅಲ್ಲಿಗೆ ಗೊತ್ತಾಯ್ತಲ್ಲ, ಡ್ಯೂಕ್ ಹತ್ತಿರ ಕೆಲಸ ಆಗಬೇಕಾದ್ರೆ ಯಾರನ್ನು ಹಿಡೀಬೇಕು ಅಂತ ಮೇಯರ್‌ಗೆ ಗೊತ್ತಿತ್ತು!

1381ರ ಜೂನ್. 15 ವರ್ಷ ದಾಟಿದ ಪ್ರತಿಯೊಬ್ಬರಿಗೂ 12 ಪೆನ್ನಿ ತಲೆಗಂದಾಯ ಹಾಕಿದ್ದಕ್ಕೆ ರೈತರು ದಂಗೆ ಎದ್ದರು. ಲಂಡನ್ನಿನಲ್ಲಿದ್ದ ಜಾನ್‌ನ ಸವಾಯ್ ಅರಮನೆಗೆ ಬೆಂಕಿ ಇಟ್ಟರು. ಲೂಟಿ ಮಾಡಲಿಲ್ಲ, ಗಮನಿಸಿ. ತಾವು ಕಳ್ಳರಲ್ಲ ಅಂತ ಸಾರಿ, ಇದ್ದದ್ದನ್ನೆಲ್ಲ ಸುಟ್ಟರು. ಸ್ಕಾಟ್ಲೆಂಡ್ ಗಡಿಯಲ್ಲಿದ್ದ ಜಾನ್ ಬದುಕಿಕೊಂಡ. ಇದೆಲ್ಲ ದೇವರ ಶಿಕ್ಷೆ, ತನ್ನ ಪಾಪದ ಫಲ ಅಂತ ಒಪ್ಪಿಕೊಂಡು ಕ್ಯಾಥರೀನ್‌ಳನ್ನು ಬಿಟ್ಟ. ತೆರಿಗೆ ಹಾಕಿದ್ದು ಸರ್ಕಾರ, ಬೆಂಕಿ ಇಟ್ಟದ್ದು ಜನ, ಪಾಪ ಮಾತ್ರ ಒಬ್ಬ ಹೆಂಗಸಿನ ತಲೆಗೆ! ಈ ಲೆಕ್ಕ ನನಗೆ ಯಾವತ್ತೂ ಟ್ಯಾಲಿ ಆಗಿಲ್ಲ.

ಇಲ್ಲಿ ಕಾದಂಬರಿ ಬಗ್ಗೆ ಒಂದು ತಕರಾರು. ಸೆಟನ್ ಈ ಬೆಂಕಿಯ ನಡುವೆ ಕ್ಯಾಥರೀನ್‌ಳನ್ನೇ ತಂದು ನಿಲ್ಲಿಸ್ತಾಳೆ. ಹ್ಯೂಗೆ ಜಾನ್‌ನ ಸೇವಕನೊಬ್ಬ ವಿಷ ಹಾಕಿದ ಅಂತಾಳೆ. ಎರಡಕ್ಕೂ ದಾಖಲೆ ಇಲ್ಲ. ಬೆಂಕಿಯ ದೃಶ್ಯ ಇರಲಿ ಬಿಡಿ, ಓದುವಾಗ ಮೈ ಜುಮ್ಮೆನ್ನುತ್ತೆ. ವಿಷದ್ದು ಮಾತ್ರ ಬೇಡವಾಗಿತ್ತು. ಸನ್ಯಾಸಿಗಳು ಹೊರಿಸಿದ್ದೇ ಸಾಲದು ಅಂತ ಆಕೆಯ ಪ್ರೀತಿಗೆ ಒಂದು ಕೊಲೆಯನ್ನೂ ಅಂಟಿಸಬೇಕಿತ್ತಾ?

ಕಾನ್‌ಸ್ಟನ್ಸ್ 1394ರಲ್ಲಿ ತೀರಿಕೊಂಡಳು. 1396ರ ಜನವರಿಯಲ್ಲಿ, ಲಿಂಕನ್ ಕ್ಯಾಥೆಡ್ರಲ್‌ನಲ್ಲಿ, ಐವತ್ತು ದಾಟಿದ ಜಾನ್ ಕ್ಯಾಥರೀನ್‌ಳನ್ನು ಮದುವೆಯಾದ. ಪ್ರೇಯಸಿಯನ್ನು ರಾಜಮನೆತನದವನು ಮದುವೆಯಾಗೋದಾ? ಆಕೆ ಇರೋ ಕೋಣೆಗೆ ಕಾಲಿಡಲ್ಲ ಅಂತ ದೊಡ್ಡ ಮನೆತನದ ಹೆಂಗಸರು ಮುನಿಸಿಕೊಂಡರಂತೆ, ಫ್ರಾಯ್ಸಾರ್ಟ್ ಬರೆದಿದ್ದಾನೆ. ಪೋಪ್ ಒಪ್ಪಿಗೆ ಕೊಟ್ಟರು. 1397ರಲ್ಲಿ ದೊರೆ ಎರಡನೇ ರಿಚರ್ಡ್ ಪಾರ್ಲಿಮೆಂಟಿನಲ್ಲಿ ನಾಲ್ಕೂ ಮಕ್ಕಳನ್ನು ಸಕ್ರಮ ಅಂತ ಘೋಷಿಸಿದ. ಪ್ರೀತಿಗೆ ಕರಗಿ ಅಂದುಕೊಂಡ್ರಾ? ರಿಚರ್ಡ್‌ಗೆ ಆಗ ಚಿಕ್ಕಪ್ಪ ಜಾನ್‌ನ ಬೆಂಬಲ ಬೇಕಿತ್ತು.

1407ರಲ್ಲಿ ನಾಲ್ಕನೇ ಹೆನ್ರಿ ಆ ಆದೇಶಕ್ಕೆ ಲ್ಯಾಟಿನ್‌ನಲ್ಲಿ ಮೂರೇ ಮೂರು ಪದ ಸೇರಿಸಿದ. ಅರ್ಥ: ರಾಜಪದವಿಯೊಂದನ್ನು ಬಿಟ್ಟು. ಈ ಹೆನ್ರಿ ಬ್ಲಾಂಚ್‌ಳ ಮಗ, ಅಂದ್ರೆ ಆ ಮಕ್ಕಳಿಗೆ ಸ್ವಂತ ಮಲ ಅಣ್ಣ. ಎಂಜಿನಿಯರ್ ಭಾಷೆಯಲ್ಲಿ ಇದೊಂದು ಪ್ಯಾಚ್. ಕೋಡ್ ಬದಲಾಯಿಸೋಕಾಗಲ್ಲ, ಒಂದು ಕಂಡಿಷನ್ ತುರುಕೋಣ ಅಂತ.

ಪ್ಯಾಚ್ ಕೆಲಸ ಮಾಡಲಿಲ್ಲ. 1485ರಲ್ಲಿ ಬಾಸ್ವರ್ತ್ ಯುದ್ಧ. ಗೆದ್ದ ಹೆನ್ರಿ ಟ್ಯೂಡರ್‌ನ ತಾಯಿ ಮಾರ್ಗರೆಟ್, ಕ್ಯಾಥರೀನ್‌ಳ ಮೊಮ್ಮಗನ ಮಗಳು. ಸೋತು ಸತ್ತ ಮೂರನೇ ರಿಚರ್ಡ್, ಕ್ಯಾಥರೀನ್‌ಳ ಮೊಮ್ಮಗಳ ಮಗ. ಎರಡೂ ಕಡೆ ಆಕೆಯ ರಕ್ತವೇ! ಅಲ್ಲಿಂದ ಈಚೆಗೆ ಬ್ರಿಟನ್ನಿನ ಸಿಂಹಾಸನದಲ್ಲಿ ವಂಶದ ಹಕ್ಕಿನಿಂದ ಕೂತವರೆಲ್ಲ ಆಕೆಯ ಸಂತಾನ. ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಕಲ್ಲಾಗಿ ನಿಂತಿರುವ ವಿಕ್ಟೋರಿಯಾ ರಾಣಿಯೂ ಸೇರಿ. ಮಾಟಗಾತಿ ಅಂತ ಬರೆದ ಸನ್ಯಾಸಿಗಳಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.

ಜಾನ್ 1399ರಲ್ಲಿ ಸತ್ತ, ಕ್ಯಾಥರೀನ್ 1403ರಲ್ಲಿ. ಆಕೆಯ ಸಮಾಧಿ ಲಿಂಕನ್ ಕ್ಯಾಥೆಡ್ರಲ್‌ನಲ್ಲಿದೆ, ಜೊತೆಗೆ ಮಗಳು ಜೋನ್‌ಳದ್ದು. ಮೇಲಿದ್ದ ಹಿತ್ತಾಳೆ ಫಲಕಗಳನ್ನು 1644ರಲ್ಲಿ, ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ ಕಿತ್ತುಹಾಕಿದರು. ಜಾನ್ ಅಲ್ಲಿಲ್ಲ. ಉಯಿಲಿನಲ್ಲಿ ತಾನೇ ಬರೆಸಿದಂತೆ ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ, ಮೊದಲ ಹೆಂಡತಿ ಬ್ಲಾಂಚ್‌ಳ ಪಕ್ಕ ಆತನನ್ನು ಹೂಳಿದರು.